ಕೋಳಿ ಒಂದು, ಕೋವಿ ಒಂದು. ಕೇಸು ಯಾರ ಮೇಲೆ?

ಗದ್ದೆ ಕೊಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹಂತಕ್ಕೆ ಬಂದು, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಮಲೆನಾಡಿಗೆ ಬಂತೆಂದರೆ ಇನ್ನೊಂದು ಕಸುಬೂ ಚುರುಕಾಯಿತೆಂದೇ ಅರ್ಥ. ಶನಿವಾರ ಸಂಜೆ ಪೇಟೆಯಿಂದ ಜೀಪು ಹೊರಡುತ್ತದೆ. ಒಳಗೆ ನಾಲ್ವರು ಗೆಳೆಯರು, ಹಿಂದೆ ಎರಡು ನಾಯಿ, ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿದ ಉದ್ದನೆಯ ಸಾಮಾನು. ತೀರ್ಥಹಳ್ಳಿ ಕಡೆಗೋ, ಹೊಸನಗರದ ಕಡೆಗೋ, ಸಾಗರದ ಕಡೆಗೋ ದಾರಿ. ಕೇಳಿದರೆ ‘ತೋಟ ನೋಡ್ಕೊಂಡ್ ಬರ್ತೀವಿ’ ಅಂತಾರೆ. ರಾತ್ರಿ ಹತ್ತು ಗಂಟೆಗೆ ತೋಟ ನೋಡುವ ಇಂಥ ಶ್ರದ್ಧಾವಂತ ಕೃಷಿಕರು ಶಿವಮೊಗ್ಗ ಜಿಲ್ಲೆಯಲ್ಲಿ ಕಡಿಮೆಯೇನಿಲ್ಲ!

ರಾತ್ರಿ ಹಂದಿಗೆ, ಬೆಳಗಿನ ಜಾವ ಕಾಡುಕೋಳಿಗೆ. ಭಾನುವಾರ ಮಧ್ಯಾಹ್ನ ಸಾರು, ಸೋಮವಾರ ಅಂಗಡಿ ಕಟ್ಟೆಯ ಮೇಲೆ ಪ್ರತಾಪ ವರ್ಣನೆ. ಆಕ್ಷೇಪಿಸಿದವರಿಗೆ ಸಿದ್ಧ ಉತ್ತರವೊಂದಿದೆ. ‘ಒಂದು ಕೋಳಿ ಹೊಡೆದ್ರೆ ಕಾಡೇನು ಖಾಲಿ ಆಗುತ್ತಾ?’

ಪ್ರಶ್ನೆ ಸಣ್ಣದು. ಉತ್ತರ ಮಾತ್ರ ಅಷ್ಟು ಸಣ್ಣದಲ್ಲ.

ಲೈಸೆನ್ಸ್ ಇತ್ತು, ಈಗ ಇಲ್ಲ

‘ನಮ್ಮಪ್ಪನ ಕಾಲದಲ್ಲಿ ಲೈಸೆನ್ಸ್ ಕೊಡ್ತಿದ್ರು ಕಣ್ರೀ’ ಎಂದು ಹಳಬರು ಹೇಳುವುದುಂಟು. ಅವರ ಮಾತು ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಾಗ ಅದರಲ್ಲಿಯೂ ದೊಡ್ಡ ಬೇಟೆ, ಸಣ್ಣ ಬೇಟೆ ಎಂದು ಪರವಾನಗಿಗೆ ಅವಕಾಶವಿತ್ತು. ಆ ಬಾಗಿಲನ್ನು ಮುಚ್ಚಿದ್ದು 1991ರ ತಿದ್ದುಪಡಿ. ಅಲ್ಲಿಂದೀಚೆಗೆ ಮೋಜಿಗಾಗಿ ಬೇಟೆಯಾಡಲು ಯಾವ ಕಚೇರಿಯೂ ಯಾರಿಗೂ ಚೀಟಿ ಕೊಡುವಂತಿಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಬೇಟೆ ಎಂದರೆ ಗುಂಡು ಹೊಡೆದು ಕೊಂದರೆ ಮಾತ್ರ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಕಾಯ್ದೆ ಹಾಗೆ ಹೇಳುವುದಿಲ್ಲ. ಹಿಡಿಯುವುದು, ಉರುಳು ಹಾಕುವುದು, ಆಮಿಷ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಸೋವುವುದು, ಕಾಡುಹಕ್ಕಿಯ ಮೊಟ್ಟೆ-ಗೂಡು ಕೆಡಿಸುವುದು, ಇವೆಲ್ಲ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತವೆ. ಪ್ರಯತ್ನ ಪಟ್ಟು ಬರಿಗೈಯಲ್ಲಿ ವಾಪಸಾದರೂ ಅಪರಾಧ ಅಪರಾಧವೇ. ಅಂದಮೇಲೆ ಕೋವಿ ಹಿಡಿದವನಷ್ಟೇ ತಪ್ಪಿತಸ್ಥನಲ್ಲ. ನಾಯಿ ಬಿಟ್ಟು ಪೊದೆ ಸೋವಿದವನೂ ಅದೇ ಕೇಸಿನಲ್ಲಿ ನಿಲ್ಲಬೇಕಾಗುತ್ತದೆ.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾಮಾನ್ಯ ಅಪರಾಧಕ್ಕೆ ಮೂರು ವರ್ಷದವರೆಗೆ ಸಜೆ, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೊದಲನೇ ಅನುಸೂಚಿಯ ಪ್ರಾಣಿಯಾದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಜೊತೆಗೆ 25 ಸಾವಿರಕ್ಕೆ ಕಡಿಮೆ ಇಲ್ಲದ ದಂಡ. ನವಿಲು ಈ ಮೊದಲನೇ ಅನುಸೂಚಿಯಲ್ಲಿದೆ. ಕೋವಿಗೆ ಪರವಾನಗಿ ಇಲ್ಲದಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೇರೆ.

‘ಕೊಡಗಿನವರಿಗೆ ಮಾತ್ರ ರಿಯಾಯಿತಿ ಯಾಕೆ?’ ಎಂಬ ಪ್ರಶ್ನೆಯೂ ಬಸ್ಸಿನಲ್ಲಿ ಕೇಳಿಬರುತ್ತದೆ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವುದು ಕೋವಿ ಲೈಸೆನ್ಸಿನಿಂದ ವಿನಾಯಿತಿ. ಅದು 2029ರವರೆಗೆ ಮುಂದುವರಿದಿದೆ. 2021ರಲ್ಲಿ ಹೈಕೋರ್ಟೂ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದಿನಂದು ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುಂಡು ಹೊಡೆಯಬಹುದು. ಕಾಡುಪ್ರಾಣಿಗೆ ಹೊಡೆಯುವ ಹಕ್ಕು ಅವರಿಗೂ ಇಲ್ಲ.

ಅಮೆರಿಕದಲ್ಲಿ ಹೊಡೀತಾರಲ್ಲ?

ಕಟ್ಟೆಯ ವಾದದಲ್ಲಿ ಈಚೆಗೆ ಹೊಸ ಅಸ್ತ್ರವೊಂದು ಸೇರಿದೆ. ಮೊಬೈಲಿನಲ್ಲಿ ಅಮೆರಿಕದ ಬೇಟೆಯ ಚಿತ್ರ ತೋರಿಸಿ, ‘ಅಷ್ಟು ಮುಂದುವರಿದ ದೇಶದಲ್ಲೇ ಗೆಳೆಯರೆಲ್ಲ ನಾಯಿ ಕರ್ಕೊಂಡು ರಾಜಾರೋಷವಾಗಿ ಹಕ್ಕಿ ಹೊಡೀತಾರೆ, ನಮಗೇನು ಕಾನೂನು?’ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾಗಿಯೇ ಇದೆ. ಆದ್ದರಿಂದ ಅಲ್ಲಿ ನಡೆಯುವುದೇನೆಂದು ಸ್ವಲ್ಪ ನೋಡಬೇಕು.

ಆ ಹಕ್ಕಿಯ ಹೆಸರು ಫೆಸೆಂಟ್. ಉದ್ದ ಬಾಲ, ಬಣ್ಣದ ಹುಂಜ. ನಮ್ಮ ಕಾಡುಕೋಳಿ, ನವಿಲುಗಳೂ ಅದೇ ಕುಟುಂಬಕ್ಕೆ ಸೇರಿದವು. ಅಮೆರಿಕಕ್ಕೆ ಅದು ಮೂಲನಿವಾಸಿಯಲ್ಲ. ಏಷ್ಯಾದಿಂದ ಒಯ್ದು ಬಿಟ್ಟದ್ದು. ಸೌತ್ ಡಕೋಟ ರಾಜ್ಯದಲ್ಲಿ ಚೆನ್ನಾಗಿ ನೆಲೆಯೂರಿ 1943ರಲ್ಲಿ ರಾಜ್ಯಪಕ್ಷಿಯೇ ಆಗಿಬಿಟ್ಟಿತು. ಅಲ್ಲಿ ಅಕ್ಟೋಬರ್ ಮೂರನೇ ಶನಿವಾರ ಬೇಟೆ ಶುರು, ಜನವರಿ 31ಕ್ಕೆ ಮುಕ್ತಾಯ. ಲೈಸೆನ್ಸ್ ಕಡ್ಡಾಯ. ಒಬ್ಬನಿಗೆ ದಿನಕ್ಕೆ ಮೂರೇ ಹಕ್ಕಿ, ಅದೂ ಹುಂಜ ಮಾತ್ರ. ಹೇಂಟೆಗೆ ಗುಂಡು ಹಾರಿಸುವಂತಿಲ್ಲ. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುವುದರಿಂದ ಒಂದಷ್ಟು ಹುಂಜ ಹೋದರೂ ಮುಂದಿನ ವರ್ಷದ ಮರಿಗಳಿಗೆ ಕೊರತೆಯಾಗದು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಸೂರ್ಯ ಮುಳುಗಿದ ಮೇಲೆ ಕೋವಿ ಎತ್ತುವ ಮಾತೇ ಇಲ್ಲ. 1937ರ ಕಾನೂನಿನ ಪ್ರಕಾರ ಉದ್ದ ಕೋವಿ, ತೋಟಾಗಳ ಮೇಲೆ ನೂರಕ್ಕೆ 11ರಂತೆ ಹಾಕುವ ತೆರಿಗೆ ವನ್ಯಜೀವಿಗಳ ಆರೈಕೆಗೇ ಹೋಗುತ್ತದೆ.

ಸೀಸನ್ನಿನ ಕೊನೆಯ ವಾರಗಳು ಅಲ್ಲಿ ಇನ್ನೂ ಕಷ್ಟದವು. ಹಿಮ ಬಿದ್ದಿರುತ್ತದೆ. ಉಳಿದ ಹುಂಜಗಳು ಎರಡು ತಿಂಗಳ ಗುಂಡಿನ ಸದ್ದು ಕೇಳಿ ಚಾಲಾಕಿಗಳಾಗಿ, ಕಾರಿನ ಬಾಗಿಲು ಹಾಕಿದ ಸಪ್ಪಳಕ್ಕೇ ಜೊಂಡಿನಿಂದ ಹಾರಿಹೋಗುತ್ತವೆ. ಒಳ್ಳೆಯ ನಾಯಿ, ಮಾತಾಡದೆ ನಡೆಯುವ ಗೆಳೆಯರು ಇದ್ದರೆ ಒಂದು ಹಕ್ಕಿ ಸಿಕ್ಕೀತು. ಅನೇಕ ದಿನ ಬರಿಗೈ. ಅಲ್ಲಿಯ ಮೋಜು ಇರುವುದೇ ಆ ನಡಿಗೆಯಲ್ಲಿ. ಮುಖ್ಯ ವಿಷಯವೇನೆಂದರೆ, ಬೇಟೆ ಮುಗಿದು ಎರಡು ತಿಂಗಳಿಗೂ ಮೇಲಾದ ನಂತರ ಅಲ್ಲಿ ಹಕ್ಕಿ ಮೊಟ್ಟೆಯಿಡುವ ಕಾಲ ಬರುತ್ತದೆ.

ಇಲ್ಲಿಯ ಲೆಕ್ಕವೇ ಬೇರೆ

ನಮ್ಮ ಕಡೆ? ಬೂದು ಕಾಡುಕೋಳಿಯ ಸಂತಾನದ ಕಾಲ ಮುಖ್ಯವಾಗಿ ಫೆಬ್ರವರಿಯಿಂದ ಮೇ. ಅಂದರೆ ಪೇಟೆಯ ಗೆಳೆಯರಿಗೆ ಪುರುಸೊತ್ತು ಸಿಗುವ ಹೊತ್ತು, ಹೇಂಟೆ ಕಾವು ಕೂರುವ ಹೊತ್ತು ಎರಡೂ ಒಂದೇ. ಪೊದೆಯ ಬುಡದಲ್ಲಿ ನೆಲ ಕೆದರಿದ ಗುಳಿ, ಅದರಲ್ಲಿ ನಾಲ್ಕರಿಂದ ಏಳು ಮೊಟ್ಟೆ, ಸುಮಾರು 21 ದಿನದ ಕಾವು. ಗೂಡು ಮರದ ಮೇಲಿದ್ದರೆ ನಾಯಿಯಿಂದಾದರೂ ಬಚಾವಾಗುತ್ತಿತ್ತು. ನೆಲದ ಮೇಲಿರುವುದರಿಂದ ಮೂಗು ಚುರುಕಾದ ನಾಯಿಗೆ ಅದೇ ಮೊದಲು ಸಿಗುವುದು.

ಕಟ್ಟೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಫೆಬ್ರವರಿಯಲ್ಲಿ ಹೊಡೆದ ಒಂದು ಹೇಂಟೆ ಒಂದು ಕೋಳಿಯಲ್ಲ, ಒಂದು ಸಂಸಾರ. ಅಮೆರಿಕದವನು ಹುಂಜವೋ ಹೇಂಟೆಯೋ ಎಂದು ನೋಡಿ ಕುದುರೆ ಎಳೆಯುತ್ತಾನೆ. ನಮ್ಮ ಜೀಪಿನ ಶೂರರು ಪೊದೆ ಅಲ್ಲಾಡಿದರೆ ಸಾಕು ಎನ್ನುತ್ತಾರೆ. ಎಷ್ಟು ಹಕ್ಕಿ ಹೋಯಿತೆಂದು ಬರೆದಿಡುವವರೂ ಇಲ್ಲ. ಅಲ್ಲಿಯ ಚಿತ್ರ ತೋರಿಸಿ ಇಲ್ಲಿಯ ಕೆಲಸ ಸಮರ್ಥಿಸುವುದು ಪಕ್ಕದ ಮನೆಯವನ ರಸೀದಿ ತೋರಿಸಿ ತನ್ನ ಸಾಲ ತೀರಿತು ಅನ್ನೋ ಹಾಗೆ.

ಈ ಕಾಡುಕೋಳಿಯ ಋಣ ಪೇಟೆಯವರ ಮೇಲೂ ಇದೆ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಂಗಡಿಯಲ್ಲಿ ನೋಡುವ ಹಳದಿ ಕಾಲಿನ ಕೋಳಿಗೆ ಆ ಹಳದಿ ಬಂದದ್ದು ನಮ್ಮ ದಕ್ಷಿಣದ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ.

ಪೊದೆಗೆ ನುಗ್ಗುವವನು ಯಾರು?

ಹಕ್ಕಿಯ ಮಾತು ಹಾಗಿರಲಿ, ಮನುಷ್ಯನ ಮಾತಿಗೆ ಬರೋಣ. ಗೆಳೆಯರ ಬೇಟೆ ಎನ್ನುತ್ತಾರಾದರೂ ಅದರಲ್ಲಿ ಎಲ್ಲರೂ ಗೆಳೆಯರಲ್ಲ. ಕೋವಿ ಒಬ್ಬನದು, ಜೀಪು ಇನ್ನೊಬ್ಬನದು. ನಾಯಿ ಹಿಡಿದು ಪೊದೆ ಸೋವುವವನು ತೋಟದಲ್ಲಿ ಕೂಲಿ ಮಾಡುವ ಮೂರನೆಯವನು. ಧಣಿ ಕರೆದಾಗ ‘ಬರಲ್ಲ’ ಅನ್ನುವ ಹಾಗಿಲ್ಲ. ನಸುಕಿನ ಮಬ್ಬಿನಲ್ಲಿ ಕೋವಿಯ ಮುಂದೆ ನಡೆಯುವವನು ಅವನೇ.

‘ಹಂದಿಯೆಂದು ಭಾವಿಸಿ ಹೊಡೆದ ಗುಂಡಿಗೆ ಜೊತೆಗಾರ ಬಲಿ’ ಎಂಬ ತಲೆಬರಹ ಮಲೆನಾಡಿನ ಪತ್ರಿಕೆ ಓದುಗರಿಗೆ ಹೊಸದಲ್ಲ. ಪೊದೆ ಅಲ್ಲಾಡುತ್ತದೆ, ಕುದುರೆ ಎಳೆಯುತ್ತಾರೆ, ಚರೆ ಚದುರುತ್ತದೆ. ಬಿದ್ದವನು ಹಂದಿಯಲ್ಲ ಎಂದು ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಕಳ್ಳಬೇಟೆಯಾದ್ದರಿಂದ ಆಸ್ಪತ್ರೆಗೆ ಒಯ್ಯಲೂ ಭಯ, ಪೊಲೀಸರಿಗೆ ತಿಳಿಸಲೂ ಭಯ. ಆ ಭಯದಲ್ಲಿ ಕಳೆದ ಅರ್ಧ ಗಂಟೆಯೇ ಪ್ರಾಣಕ್ಕೆ ಎರವಾಗಬಹುದು. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಐದು ವರ್ಷದವರೆಗೆ ಸಜೆ ಇದೆ. ಸತ್ತವನ ಹೆಂಡತಿಗೆ ಅದರಿಂದ ಏನು ಬಂತು?

ಗುಂಡು ತಪ್ಪಿದರೂ ಉಣುಗು ತಪ್ಪದು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಚಳಿಗಾಲದಿಂದ ಬೇಸಿಗೆಯವರೆಗೆ ಅದರ ಹಾವಳಿ. ಆರೋಗ್ಯ ಇಲಾಖೆಯವರು ‘ಕಾಡಿಗೆ ಹೋಗಬೇಡಿ, ಹೋಗಲೇಬೇಕಾದರೆ ಡೆಪಾ ಎಣ್ಣೆ ಹಚ್ಚಿಕೊಳ್ಳಿ’ ಎಂದು ಹಳ್ಳಿ ಹಳ್ಳಿ ಸುತ್ತಿ ಹೇಳುವ ತಿಂಗಳುಗಳಲ್ಲೇ ಇವರ ಸವಾರಿ ತರಗೆಲೆ ಮೇಲೆ ತೆವಳುತ್ತಿರುತ್ತದೆ. ನಾಯಿಯ ಮೈಗೆ ಹತ್ತಿದ ಉಣುಗು ಜೀಪು ಹತ್ತಿ ಮನೆಗೂ ಬಂದೀತು.

ನಾಯಿಯನ್ನು ದೂರಿ ಪ್ರಯೋಜನವಿಲ್ಲ. ಅಟ್ಟುವುದು ಅದರ ಸ್ವಭಾವ. ಬೇಟೆಗೇ ಹೆಸರಾದ ಮುಧೋಳದ ನಾಯಿ ಈಗ ಸೇನೆಯ ತರಬೇತಿ ಕೇಂದ್ರದವರೆಗೂ ಹೋಗಿ ಬಂದಿದೆ. ಕೆಲಸ ಬದಲಾದರೆ ನಾಯಿಯೂ ಹೊಂದಿಕೊಳ್ಳುತ್ತದೆ. ಹೊಂದಿಕೊಳ್ಳದೆ ಇರುವುದು ಮನುಷ್ಯ ಮಾತ್ರ.

ರೈತನ ಹೆಸರು ಬೇಡ

ಸಿಕ್ಕಿಬಿದ್ದ ಕೂಡಲೆ ಜೀಪಿನವರ ಬಾಯಲ್ಲಿ ಬರುವ ಮಾತು ‘ಬೆಳೆ ಹಾಳು ಮಾಡ್ತಿತ್ತು ಸಾರ್’ ಎಂಬುದು. ಬೆಳೆ ಹಾಳಾಗುವುದು ನಿಜ. ಹಂದಿ ಗದ್ದೆ ಉತ್ತು ಹಾಕುತ್ತದೆ, ನವಿಲು ಬಿತ್ತಿದ ಕಾಳು ಆರಿಸುತ್ತದೆ. ಆ ರೈತನ ಕಷ್ಟ ಸಣ್ಣದಲ್ಲ. ಅದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಎರಡನೇ ಅನುಸೂಚಿಯ ಪ್ರಾಣಿ ಪೈರಿಗೆ ಅಪಾಯಕಾರಿಯಾದರೆ ಅರಣ್ಯ ಇಲಾಖೆ ಲಿಖಿತ ಅನುಮತಿ ಕೊಡಬಹುದು. ನವಿಲಿಗೆ ಮಾತ್ರ ಬೆಳೆಯ ಕಾರಣ ನಡೆಯದು. ಬೆಳೆ ನಷ್ಟಕ್ಕೆ ಪರಿಹಾರವೂ ಉಂಟು. ಅರ್ಜಿ ಹಾಕಿದ ರೈತ ಎಷ್ಟು ಸಲ ಕಚೇರಿ ಮೆಟ್ಟಿಲು ಹತ್ತಿಳಿಯಬೇಕು ಎಂಬುದು ಬೇರೆ ಪ್ರಶ್ನೆ. ಅದನ್ನು ಇಲಾಖೆ ತನ್ನನ್ನೇ ಕೇಳಿಕೊಳ್ಳಬೇಕು. ಅರ್ಜಿ ಬೇಗ ವಿಲೇವಾರಿಯಾದರೆ ರೈತ ಉರುಳಿನ ತಂತಿ ಕೊಳ್ಳುವುದಿಲ್ಲ. ಆ ಉರುಳಿಗೆ ಚಿರತೆ ಸಿಕ್ಕಿ ಸಾಯುವುದೂ ತಪ್ಪುತ್ತದೆ. ಆದರೆ ಪೇಟೆಯ ಭಾನುವಾರದ ಸಾರಿಗೆ ರೈತನ ಕಣ್ಣೀರನ್ನು ಬೆರೆಸುವುದು ಯಾವ ನ್ಯಾಯ?

ಅಂಗಡಿ ಮುಂಗಟ್ಟಿನವರಿಗೂ ಒಂದು ಮಾತು ಸಲ್ಲುತ್ತದೆ. ಗಿರಾಕಿ ಇಲ್ಲದೆ ವ್ಯಾಪಾರವಿಲ್ಲ ಎಂಬುದನ್ನು ಅವರಿಗಿಂತ ಬಲ್ಲವರಾರು? ‘ಸ್ಪೆಷಲ್ ಮಾಲು ಬಂದಿದೆ’ ಎಂದು ಕಿವಿಯಲ್ಲಿ ಹೇಳುವ ಹೋಟೆಲು ನಡೆಯುವುದು ಕೇಳಿ ತಿನ್ನುವವರಿಂದ. ಕಾಡುಪ್ರಾಣಿಯ ಮಾಂಸವನ್ನು ಹೋಟೆಲಿನಲ್ಲಿ ಬೇಯಿಸಿ ಬಡಿಸುವುದೂ ಅಪರಾಧ. ಮಾಂಸ ಯಾರ ಬಳಿ ಸಿಕ್ಕಿತೋ ಅದು ಅಕ್ರಮವಲ್ಲವೆಂದು ರುಜುವಾತು ಮಾಡುವ ಭಾರ ಅವನದೇ. ಸಂಜೆ ಬಸ್ಸಿನಲ್ಲಿ ಯಾರೋ ಕೊಟ್ಟ ಪೊಟ್ಟಣ ಹಿಡಿದು ಕೂತವನು ‘ನನಗೇನು ಗೊತ್ತು’ ಎಂದರೆ ಚೆಕ್‌ಪೋಸ್ಟಿನಲ್ಲಿ ಕೇಳುವವರಿಲ್ಲ.

ಕೊನೆಗೆ ಉಳಿಯುವುದು ಒಂದೇ ಪ್ರಶ್ನೆ. ತಂಡ ಸಿಕ್ಕಿಬಿದ್ದಾಗ ಜೀಪಿನವನಿಗೆ ವಕೀಲರಿದ್ದಾರೆ, ಕೋವಿಯವನಿಗೆ ಫೋನು ಮಾಡಲು ದೊಡ್ಡವರಿದ್ದಾರೆ. ನಾಯಿಯ ಹಗ್ಗ ಹಿಡಿದವನಿಗೆ ಯಾರಿದ್ದಾರೆ? ಬೇಟೆ ಮುಂದೆ ನಡೆಸುವ ಹೊತ್ತಿಗೂ ಅವನೇ ಮುಂದೆ, ಕೋರ್ಟಿನ ಕಟಕಟೆಯಲ್ಲೂ ಅವನೇ ಮುಂದೆ ಆಗಬಾರದು. ಮೊದಲು ಜೀಪು ಯಾರದ್ದೆಂದು ಕೇಳಿ, ಕೋವಿ ಯಾರದ್ದೆಂದು ಕೇಳಿ, ಆಮೇಲೆ ಹಗ್ಗದ ವಿಚಾರಕ್ಕೆ ಬರಲಿ. ಸಂಬಂಧಪಟ್ಟವರು ಈ ಸೀಸನ್ನಿನಲ್ಲಾದರೂ ಆ ಕ್ರಮ ಅನುಸರಿಸುವರೇ?