ಪಂಪ್ ಕೆಟ್ಟಿರಲಿಲ್ಲ, ಆಫ್ ಆಗಿತ್ತು

'ಇಂಧನ ಪಂಪನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಣ್ಣ ಹೆಲಿಕಾಪ್ಟರ್ ಸುರಕ್ಷಿತ' ಎಂದು ಲೇಖನವೊಂದರಲ್ಲಿ ಲೇಖಕರು ಷರಾ ಬರೆದುಬಿಟ್ಟಿದ್ದಾರೆ. ಅಷ್ಟೇ ಸಾಕೆ? 2013ರ ನವೆಂಬರ್ 29ರ ರಾತ್ರಿ ಗ್ಲಾಸ್ಗೋದಲ್ಲಿ ಇಸಿ135 ಪೊಲೀಸ್ ಹೆಲಿಕಾಪ್ಟರ್ ಪಬ್ಬೊಂದರ ಚಾವಣಿ ಮೇಲೆ ಬಿದ್ದು ಹತ್ತು ಜನ ಸತ್ತರು. ಟ್ಯಾಂಕುಗಳಲ್ಲಿ ಒಟ್ಟು 76 ಕಿಲೋ ಇಂಧನವಿತ್ತು. ಅದರಲ್ಲಿ ಬಹುಪಾಲು ಮುಖ್ಯ ಟ್ಯಾಂಕಿನಲ್ಲೇ ಉಳಿದಿತ್ತು. ಅಲ್ಲಿಂದ ಎಂಜಿನ್‌ಗಳ ಪೂರೈಕೆ ಟ್ಯಾಂಕಿಗೆ ಇಂಧನ ದಾಟಿಸುವ ಎರಡೂ ಟ್ರಾನ್ಸ್‌ಫರ್ ಪಂಪುಗಳ ಸ್ವಿಚ್ ಆಫ್! ಬಾವಿ ತುಂಬ ನೀರಿದ್ದೂ ಮೇಲಿನ ತೊಟ್ಟಿ ಬತ್ತಿದ ಹಾಗೆ, ಎರಡೂ ಎಂಜಿನ್‌ ನಿಂತವು.

ಪೈಲಟ್ ತಪ್ಪು ಎನ್ನಬಹುದು. ಈ ಅಪಘಾತದ ಕುರಿತ 2019ರ ವಿಚಾರಣೆಯೂ ಹಾಗೆಯೇ ಹೇಳಿತು. ಆದರೆ ಹೆಲಿಕಾಪ್ಟರ್ ವಾಲಿದಾಗ ಒಣಗುವ ಪಂಪನ್ನು ಕೈಯಾರೆ ಆರಿಸಿ, ಮತ್ತೆ ನೆನಪಿಟ್ಟು ಹಾಕಬೇಕಾದ ವ್ಯವಸ್ಥೆಯದು. ಈ ಮರೆವನ್ನು ಯಾವ ಸ್ಪ್ಯಾನರ್ ಬಿಗಿಮಾಡುತ್ತದೆ, ಸ್ವಾಮಿ?