ಉತ್ತರ ಮೊಬೈಲ್‌ನಲ್ಲಿದೆ, ಪ್ರಶ್ನೆ ಗದ್ದೆಯಲ್ಲಿದೆ

ನಂಜನಗೂಡು, ತಿ.ನರಸೀಪುರದ ಕಡೆಯ ಭತ್ತದ ಬದುವಿಗೆ ಈಗ ಮೊಬೈಲ್ ಹೊಸದೇನಲ್ಲ. ಎಲೆಯಲ್ಲಿ ಚುಕ್ಕೆ ಕಂಡರೆ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ಹುಡುಕಿದರೆ ಕನ್ನಡದಲ್ಲೇ ವಿಡಿಯೊಗಳು ಸಿಗುತ್ತವೆ. ಆದರೆ ಮಾಹಿತಿ ಸಿಕ್ಕ ಮಾತ್ರಕ್ಕೆ ರೈತರ ಸಾಮರ್ಥ್ಯ ಹೆಚ್ಚಿತು ಎನ್ನಲಾಗದು. ಸರಿಯಾದ ಪ್ರಶ್ನೆ ಕೇಳಲು ಬಂದಾಗಲೇ ಇಂಟರ್‌ನೆಟ್ ಬೇಸಾಯಕ್ಕೆ ಒದಗುವುದು.

ಬೆಂಕಿ ರೋಗವನ್ನೇ ನೋಡಿ. ವಜ್ರಾಕಾರದ, ನಡುವೆ ಬೂದು ಬಣ್ಣದ ಚುಕ್ಕೆ ಅದರ ಗುರುತು. ಕಂದು ಚುಕ್ಕೆ ರೋಗದ ಮಚ್ಚೆ ಮೊಟ್ಟೆಯಾಕಾರದ್ದು. ಮಸುಕಾದ ಫೋಟೊದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಯೂರಿಯಾ ಅತಿಯಾದ ಗದ್ದೆಯಲ್ಲಿ ಬೆಂಕಿ ರೋಗ ಜೋರು. ಪೊಟ್ಯಾಷ್‌ನಂಥ ಪೋಷಕಾಂಶ ಕಡಿಮೆಯಿರುವ ಮಣ್ಣಿನಲ್ಲಿ ಕಂದು ಚುಕ್ಕೆ ಜೋರು. ‘ಇದಕ್ಕೆ ಯಾವ ಔಷಧ?’ ಎಂದಷ್ಟೇ ಕೇಳಿದರೆ ಔಷಧದ ಹೆಸರಷ್ಟೇ ಬರುತ್ತದೆ. ತಳಿ ಯಾವುದು, ನಾಟಿಯಾಗಿ ಎಷ್ಟು ದಿನವಾಯಿತು, ಯಾವ ಗೊಬ್ಬರ ಎಷ್ಟು ಹಾಕಿದ್ದೇವೆ ಎಂದು ತಿಳಿಸಿದರೆ ತಜ್ಞರು ಕಾರಣವನ್ನೂ ಹೇಳಬಲ್ಲರು. ಕಾರಣ ತಿಳಿದವರು ಮುಂದಿನ ಬೆಳೆಗೆ ಗೊಬ್ಬರದ ಲೆಕ್ಕವನ್ನೇ ತಿದ್ದಿಕೊಳ್ಳುತ್ತಾರೆ. ಸಾಮರ್ಥ್ಯವೆಂದರೆ ಇದೇ.

ನೀರಿನ ವಿಷಯವೂ ಹಾಗೆಯೇ. ಎಳೆಯ ಪೈರನ್ನು 25 ಸೆಂ.ಮೀ. ಅಂತರದಲ್ಲಿ ನೆಟ್ಟು, ನೀರು ನಿಲ್ಲಿಸದೆ ಬೆಳೆಯುವ ‘ಶ್ರೀ’ ಪದ್ಧತಿ ವಿಡಿಯೊದಲ್ಲಿ ಸುಲಭವಾಗಿ ಕಾಣುತ್ತದೆ. ಕೊಳವೆಬಾವಿ ಇದ್ದವರು ಬೇಕೆಂದಾಗ ನೀರು ಕಟ್ಟಬಹುದು, ಬೇಡವೆಂದಾಗ ನಿಲ್ಲಿಸಬಹುದು. ಕಬಿನಿ ಕಾಲುವೆಯ ನೀರು ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ಹಾಯುವ ಕಡೆ ಒಬ್ಬರೇ ಗದ್ದೆ ಒಣಗಿಸುವುದು ಕಷ್ಟ. ಅಲ್ಲಿ ಮೊದಲು ಮಾತನಾಡಬೇಕಾದದ್ದು ಪಕ್ಕದ ಗದ್ದೆಯವರೊಂದಿಗೆ. ಆಮೇಲೆ ನಾಲ್ಕು ಗುಂಟೆಯಲ್ಲಿ ಮಾಡಿ ನೋಡಬೇಕು.

ಕೇಳಲು ಜಾಗಗಳಿವೆ. ಸುತ್ತೂರಿನಲ್ಲೇ ಜೆಎಸ್‌ಎಸ್ ಕೃಷಿ ವಿಜ್ಞಾನ ಕೇಂದ್ರವಿದೆ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಕೊರತೆ ಇರುವುದು ಗದ್ದೆಯ ವಿವರವನ್ನು ಒಪ್ಪವಾಗಿ ಬರೆದಿಟ್ಟು, ಕೇಳಿ, ಬಂದ ಉತ್ತರವನ್ನು ಮನೆಯವರಿಗೆ ಬಿಡಿಸಿ ಹೇಳುವವರದು.

ಅದು ನಮ್ಮ ಕೆಲಸ. ಪದವಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಊರಲ್ಲಿರುವವರು ನಮ್ಮಲ್ಲಿ ಎಷ್ಟೋ ಮಂದಿ. ಅಪ್ಪನಿಗೆ ವಿಡಿಯೊ ಫಾರ್ವರ್ಡ್ ಮಾಡಿದರೆ ನಮ್ಮ ಪಾಲು ಮುಗಿಯಿತು ಎಂದುಕೊಳ್ಳುವುದು ಬೇಡ. ಒಂದು ನೋಟ್‌ಬುಕ್ ಇಟ್ಟು ಬಿತ್ತನೆ, ನಾಟಿ, ಗೊಬ್ಬರ, ಸಿಂಪಡಣೆಯ ದಿನಾಂಕ ಬರೆಯೋಣ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯೋಣ. ನಾಟಿ ಹಾಕುವ, ಕಳೆ ಕೀಳುವ ಅಮ್ಮ, ಚಿಕ್ಕಮ್ಮಂದಿರು ಪೈರನ್ನು ಹತ್ತಿರದಿಂದ ನೋಡಿರುತ್ತಾರೆ. ಆದರೆ ಎಷ್ಟೋ ಮನೆಗಳಲ್ಲಿ ಫೋನ್ ಅವರ ಕೈಯಲ್ಲಿರುವುದಿಲ್ಲ. ಅವರು ಕಂಡದ್ದನ್ನೂ ಕೇಳಿ ಬರೆದುಕೊಳ್ಳೋಣ.

ನಾಳೆ ಕೆಲಸ ಸಿಕ್ಕಿ ನಾವು ಮೈಸೂರಿಗೋ ಬೆಂಗಳೂರಿಗೋ ಹೋಗಬಹುದು. ಆ ನೋಟ್‌ಬುಕ್ ಮಾತ್ರ ಮನೆಯಲ್ಲೇ ಉಳಿದು, ಮುಂದಿನ ಬೆಳೆಗೆ ಉಪಯೋಗಕ್ಕೆ ಬರಲಿ.