ಬಿಡುಗಡೆಯ ಬೆಲೆ ಯಾರಿಗೆ ತಿಳಿದಿತ್ತು?

ಅಮೆರಿಕದ ಉಪಾಧ್ಯಕ್ಷರೊಬ್ಬರ ಮಾತು ಸೊರಬದ ನಮ್ಮ ಮನೆಯ ಜಗಲಿಯಲ್ಲಿ ಜಗಳಕ್ಕೆ ಕಾರಣವಾದೀತೆಂದು ನಾನು ಎಣಿಸಿರಲಿಲ್ಲ. ಲೆಬನಾನಿನಲ್ಲಿ ಒತ್ತೆಯಲ್ಲಿದ್ದ ತನ್ನ ಪ್ರಜೆಗಳನ್ನು ಬಿಡಿಸಿಕೊಳ್ಳಲು ಅಮೆರಿಕವು ಇರಾನಿಗೆ ಗುಟ್ಟಾಗಿ ಕ್ಷಿಪಣಿಗಳನ್ನು ಮಾರಿದ್ದು 1986ರಲ್ಲಿ ಬಯಲಾಯಿತು. ಉಪಾಧ್ಯಕ್ಷ ಜಾರ್ಜ್ ಬುಷ್ ಆ ವ್ಯವಹಾರ ನಡೆಸಿದವರ ಕೂಟದಲ್ಲಿ ತಾವಿರಲಿಲ್ಲವೆಂದರು. ಅನೇಕರು ನಂಬಲಿಲ್ಲ. ಮುಂದೆ ಅವರೇ ಅಧ್ಯಕ್ಷರಾಗಿ, 1992ರ ಡಿಸೆಂಬರ್ 24ರಂದು ಆ ಹಗರಣದ ಆರು ಮಂದಿಗೆ ಕ್ಷಮಾದಾನವಿತ್ತರು. ಮಾಜಿ ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರರ ವಿಚಾರಣೆ ನಡೆಯದೆಯೇ ಮುಗಿಯಿತು.

ಶಿಕಾರಿಪುರದಿಂದ ಊರಿಗೆ ಬಂದ ದಿನ ಇದನ್ನು ಅಜ್ಜಿಗೆ ಹೇಳಿ, "ನಮ್ಮ ರಾಜ್ಯದಲ್ಲೂ ಇಂಥದೊಂದು ಪ್ರಶ್ನೆ ಉಳಿದಿದೆ" ಎಂದೆನು. ಅವಳಿಗೆ ಕೂಡಲೇ ಅರ್ಥವಾಯಿತು. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ 2000ದ ಜುಲೈ 30ರಂದು ವೀರಪ್ಪನ್ ಗಾಜನೂರಿನಿಂದ ಡಾ. ರಾಜ್‌ಕುಮಾರರನ್ನು ಒಯ್ದಾಗ ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊತ್ತವಳು. ಬಂಗಾರಪ್ಪನವರ ಮಗಳು ರಾಜ್‌ಕುಮಾರರ ಸೊಸೆಯಾದುದರಿಂದ ಸೊರಬದವರಿಗೆ ಅವರು ನಟರಷ್ಟೇ ಅಲ್ಲ, ಬೀಗರು.

"ಜೀವಸಹಿತ ಬಂದ್ರಲ್ಲ, ಮತ್ತೆಂತ ಲೆಕ್ಕ ಕೇಳ್ತೀಯ ನೀನು?" ಎಂದು ಗದರಿದಳು.

ಲೆಕ್ಕ ಕೇಳುವುದಿದೆ. ಒತ್ತೆಯಾಳುಗಳಿಗೆ ಬದಲಾಗಿ ಮೈಸೂರು ಸೆರೆಮನೆಯಲ್ಲಿದ್ದ ಟಾಡಾ ಬಂದಿಗಳನ್ನು ಬಿಡಬೇಕೆಂಬುದು ವೀರಪ್ಪನ್ನನ ಬೇಡಿಕೆಗಳಲ್ಲೊಂದು. ಸರ್ಕಾರ ಒಪ್ಪಿ ಮೊಕದ್ದಮೆ ಹಿಂತೆಗೆಯಲು ಹೊರಟಿತು. ತಡೆದವರು ಯಾವ ಪಕ್ಷದ ಮುಖಂಡರೂ ಅಲ್ಲ, ಅಬ್ದುಲ್ ಕರೀಂ ಎಂಬ ವೃದ್ಧರು. ಅವರ ಮಗ, ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್, 1992ರಲ್ಲಿ ವೀರಪ್ಪನ್ನನ ಗುಂಪಿಗೆ ಬಲಿಯಾಗಿದ್ದರು. ಸುಪ್ರೀಂ ಕೋರ್ಟು ನವೆಂಬರ್ 7ರಂದು ಆ ತಂದೆಯ ಮಾತನ್ನು ಎತ್ತಿಹಿಡಿಯಿತು. ಬಂದಿಗಳು ಬಿಡುಗಡೆಯಾಗಲಿಲ್ಲ. ಆದರೂ ಎಂಟೇ ದಿನಗಳಲ್ಲಿ, ನವೆಂಬರ್ 15ರಂದು, 108 ದಿನಗಳ ವನವಾಸ ಮುಗಿಸಿ ರಾಜ್‌ಕುಮಾರರು ಹೊರಬಂದರು. ಬಹಿರಂಗದ ಬೆಲೆಗೆ ನ್ಯಾಯಾಲಯವೇ ಅಡ್ಡ ನಿಂತಿತಲ್ಲ. ಹಾಗಾದರೆ ಆ ಕಾಡುಗಳ್ಳನ ಮನಸ್ಸು ಕರಗಿದ್ದು ಯಾವುದಕ್ಕೆ?

ಆಗ ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದ ಸಿ. ದಿನಕರ್ ನಿವೃತ್ತರಾದ ಮೇಲೆ ಪುಸ್ತಕ ಬರೆದು, ಕೋಟಿಗಟ್ಟಲೆ ಹಣ ಸಂದಾಯವಾಯಿತೆಂದರು. ಮುಖ್ಯಮಂತ್ರಿಗಳಾಗಿದ್ದ ಎಸ್. ಎಂ. ಕೃಷ್ಣ ಅವರು ಅಲ್ಲಗಳೆದರು. ಇಬ್ಬರೂ ಒಂದೇ ಸರ್ಕಾರದ ಉನ್ನತ ಸ್ಥಾನಗಳಲ್ಲಿದ್ದವರು! ವೀರಪ್ಪನ್ 2004ರಲ್ಲಿ ಸತ್ತನು, ಕೃಷ್ಣ ಅವರು 2024ರಲ್ಲಿ ತೀರಿಕೊಂಡರು. ಅಪಹರಣದ ಮೊಕದ್ದಮೆಯಲ್ಲಿ ಉಳಿದಿದ್ದ ಒಂಬತ್ತು ಆರೋಪಿಗಳು 2018ರಲ್ಲಿ ಖುಲಾಸೆಯಾದರು.

ಪ್ರಾಣ ಉಳಿಸಲು ಹಣ ಕೊಟ್ಟಿದ್ದರೆ ಅದನ್ನು ಪಾಪವೆನ್ನುವಷ್ಟು ಕಠಿಣನಲ್ಲ ನಾನು. ಸಂಧಾನ ನಡೆಯುವಾಗ ಗುಟ್ಟು ಬೇಕು, ಒಪ್ಪುತ್ತೇನೆ. ಬಿಡುಗಡೆಯಾದ ಮೇಲೂ ಗುಟ್ಟೇಕೆ? 2002ರ ಆಗಸ್ಟಿನಲ್ಲಿ ಅದೇ ವೀರಪ್ಪನ್ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಒಯ್ದನು, ಡಿಸೆಂಬರಿನಲ್ಲಿ ಸಿಕ್ಕಿದ್ದು ಅವರ ಶವ. ಮೊದಲ ಸಲ ನಡೆದುದೆಲ್ಲ ಶಾಸನಸಭೆಯ ಮುಂದೆ ಬಂದಿದ್ದರೆ, ಎರಡನೆಯ ಸಲ ಸರ್ಕಾರ ಅಷ್ಟು ಕುರುಡಾಗಿ ತಡವರಿಸುತ್ತಿತ್ತೇ? ಇದನ್ನು ಕೇಳಿದವನು ಅಣ್ಣಾವ್ರ ದ್ರೋಹಿಯೆಂದು ನಮ್ಮ ಬಸ್ಸಿನ ಗೆಳೆಯರೂ ಹೇಳುತ್ತಾರೆ. ಅವರ ಅಭಿಮಾನ ನನಗೂ ಇದೆ. ಅವರ ತರ್ಕ ಮಾತ್ರ ಹಿಡಿಸದು.

ಅಜ್ಜಿಗೆ ಅಬ್ದುಲ್ ಕರೀಂ ಅವರ ಕಥೆಯನ್ನು ಎರಡು ಸಲ ಹೇಳಿಸಿಕೊಳ್ಳಬೇಕಾಯಿತು. ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ ಕೇಳಿದಳು:

"ಎಂತ ಕೊಟ್ಟು ಬಿಡಿಸಿದ್ರು ಅಂತ ಆ ಮಗನ್ನ ಕಳ್ಕೊಂಡ ಅಪ್ಪಂಗಾದ್ರೂ ಯಾರಾದ್ರೂ ಹೋಗಿ ಹೇಳಿದ್ರಾ?"